ಬಾಯೊಳಗಿನ ಬೇಲಿ

ಸಾಸಿವೆಗೆ ಬ್ರೆಡ್ಡನ್ನು ಮುಂದಿನ ಹಲ್ಲಿನಿಂದ ಕಚ್ಚಲು ಬರುತ್ತಿರಲಿಲ್ಲ. ತುಂಡನ್ನು ಬಾಯಿಯ ಮೂಲೆಗೆ ತಳ್ಳಿ, ದವಡೆ ಹಲ್ಲಿಗೆ ಸಿಕ್ಕಿಸಿ, ತಲೆ ಓರೆ ಮಾಡಿ ಎಳೆದು ಹರಿದುಕೊಳ್ಳುತ್ತಿದ್ದಳು. ಎಂಟು ವರ್ಷದ ಹುಡುಗಿ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು ಹಾಗೇ ಉಳಿದು, ಈಗ ಶಾಲೆಯ ಮಕ್ಕಳೂ ಅದನ್ನೇ ಕೂಗುತ್ತಿದ್ದರು.

"ನಾಯಿ ಮೂಳೆ ಎಳೆದ ಹಾಗೆ ಎಳೀತಾಳೆ ನೋಡು," ಎಂದಳು ಅಜ್ಜಿ ಒಂದು ಬೆಳಿಗ್ಗೆ. "ಬೆರಳು ಚೀಪಿ ಚೀಪಿ ಹಲ್ಲೆಲ್ಲ ಬಾಗಿಲು ತೆಕ್ಕೊಂಡು ನಿಂತಿವೆ."

ತಂದೆ ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಿದ. "ಎಂಟು ವರ್ಷ ಆಯ್ತು. ಇನ್ನೂ ಕೂಸಾ ಇವಳು?"

"ಅದನ್ನ ನಿಮ್ಮಮ್ಮಂಗೆ ಕೇಳಿ," ಎಂದಳು ತಾಯಿ ಡಬ್ಬಿಗೆ ಅನ್ನ ತುಂಬುತ್ತಾ. "ನಿನ್ನೆ ಪಕ್ಕದ ಮನೆಯೋರ ಮುಂದೆ ಇವಳ ಬೆರಳು ಹಿಡಿದು ತೋರಿಸಿ ನಗಾಡಿದ್ದಾರೆ."

"ನಗಾಡದೆ ಇನ್ನೇನು, ಹಾರ ಹಾಕಬೇಕಿತ್ತಾ?" ಎಂದಳು ಅಜ್ಜಿ.

ಸಾಸಿವೆ ಬ್ರೆಡ್ಡನ್ನು ತಟ್ಟೆಗಿಟ್ಟು ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದಳು. ಆ ಹೆಬ್ಬೆರಳು ಉಳಿದ ಬೆರಳುಗಳಿಗಿಂತ ಬಿಳಿ. ನೀರಿನಲ್ಲಿ ನೆನೆದಂತೆ ಸುಕ್ಕುಗಟ್ಟಿ, ಗೆಣ್ಣಿನ ಮೇಲೆ ಹಲ್ಲು ತಾಗಿ ತಾಗಿ ಚರ್ಮ ಗಟ್ಟಿಯಾಗಿತ್ತು.

ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಡುಗೆಮನೆ. ತಂದೆ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಲಿಫ್ಟು ಕೆಟ್ಟು ನಿಂತರೂ ಅವನ ಫೋನು ಹೊಡೆದುಕೊಳ್ಳುತ್ತಿತ್ತು; ತನ್ನ ಮನೆಗೆ ಮಾತ್ರ ಅವನು ಮೆಟ್ಟಿಲು ಹತ್ತಿಯೇ ಬರಬೇಕು. ತಾಯಿ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಬಿಸಿ ರೋಲರಿಗೆ ಕೊಡುವವಳು. ಅವಳ ಮುಂಗೈ ತುಂಬ ಸುಟ್ಟ ಗೆರೆಗಳು, ಹಳೆಯವು ಬಿಳಿ, ಹೊಸವು ಕೆಂಪು. ಅಜ್ಜಿ ತಂದೆಯ ತಾಯಿ. ಹಿಂದೆ ಒಂದು ಶಿಶುವಿಹಾರದಲ್ಲಿ ಆಯಾ ಆಗಿದ್ದವಳು; ಮಕ್ಕಳ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ತಿಳಿದಿದ್ದಳು.

ಲಾಂಡ್ರಿಯವರು ಬೇರೆ ಊರಿನಲ್ಲಿ ಇನ್ನೊಂದು ಶಾಖೆ ತೆರೆಯುವವರಿದ್ದರು. ಅಲ್ಲಿಗೆ ಸೂಪರ್‌ವೈಸರ್ ಆಗಿ ಬರುತ್ತೀಯಾ, ಉಳಿಯಲು ಹೆಂಗಸರ ಹಾಸ್ಟೆಲು ಕೊಡುತ್ತೇವೆ ಎಂದು ತಾಯಿಯನ್ನು ಕೇಳಿದ್ದರು. ಆ ಮಾತು ಮನೆಗೆ ಬಂದ ದಿನದಿಂದ ಊಟಕ್ಕೆ ಕೂತಾಗೆಲ್ಲ ಜಗಳ. ಎಲ್ಲಿಂದ ಹೊರಟರೂ ಅದು ಬೆರಳಿಗೇ ಬಂದು ನಿಲ್ಲುತ್ತಿತ್ತು.

"ಮಗು ಹೀಗಿರೋವಾಗ ಊರು ಬಿಟ್ಟು ಹೋಗ್ತೀನಿ ಅಂತೀಯಲ್ಲ?" ಎಂದ ತಂದೆ.

"ಹೋಗ್ತೀನಿ ಅಂದಿಲ್ಲ. ಕೇಳಿದ್ರು ಅಂದೆ."

"ಕೇಳಿದಾಗಲೇ ಬೇಡ ಅನ್ನಬೇಕಿತ್ತು."

"ನಿಮ್ಮನ್ನ ಯಾರಾದ್ರೂ ಹಾಗೆ ಕರೆದಿದ್ರೆ ನೀವು ಬೇಡ ಅಂತಿದ್ರಾ?"

ತಂದೆಯನ್ನು ಹಾಗೆ ಯಾರೂ ಕರೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವನು ತಟ್ಟೆ ಸರಿಸಿ ಎದ್ದ. ಮೂಲೆಯಲ್ಲಿ ಟಿವಿಯ ಮುಂದೆ ಕೂತಿದ್ದ ಸಾಸಿವೆಯ ಬೆರಳು ಬಾಯಿಗೆ ಹೋಯಿತು.

"ನೋಡು, ಶುರುವಾಯ್ತು," ಎಂದಳು ಅಜ್ಜಿ.

ಕೊನೆಗೆ ತಾಯಿ ರಜೆ ಹಾಕಿ, ತಂದೆಯನ್ನೂ ಹೊರಡಿಸಿ, ಹಲ್ಲಿನ ಸಾಲು ಸರಿಮಾಡುವ ಡಾಕ್ಟರ ಹತ್ತಿರ ಮಗಳನ್ನು ಕರೆದೊಯ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು. ಸಾಸಿವೆಯ ಬಾಯಿ ನೋಡಿ, ಕಚ್ಚು ಎಂದರು, ಬಿಡು ಎಂದರು, ಒಂದು ಗುಟುಕು ನೀರು ನುಂಗಿಸಿ ನೋಡಿದರು.

"ಹಿಂದಿನ ಹಲ್ಲು ಕಚ್ಚಿದಾಗಲೂ ಮುಂದೆ ಸಂದು ಹಾಗೇ ಉಳಿಯುತ್ತೆ. ನುಂಗೋವಾಗ ನಾಲಿಗೆ ಆ ಸಂದಿಗೆ ಬಂದು ಕೂರುತ್ತೆ. ಬೆರಳು ಮಾಡಿದ ಕಿಂಡಿನ ಈಗ ನಾಲಿಗೆ ಕಾಯ್ತಾ ಇದೆ."

"ಸರಿಹೋಗುತ್ತಾ ಡಾಕ್ಟ್ರೇ?" ತಾಯಿ ಕೇಳಿದಳು.

"ಈ ವಯಸ್ಸಲ್ಲಿ ಬೆರಳು ನಿಂತ್ರೆ ಎಷ್ಟೋ ಸಲ ಹಲ್ಲು ತಾನಾಗೇ ಇಳಿದು ಸೇರುತ್ತೆ. ಮೊದಲು ಬೆರಳು ನಿಲ್ಲಬೇಕು."

"ಅದಕ್ಕೆ ಏನೋ ತಂತಿ ಹಾಕ್ತಾರಂತಲ್ಲ?" ಎಂದ ತಂದೆ.

"ಹಾಕ್ತೀವಿ. ಅಂಗುಳಿನ ಹತ್ರ ಒಂದು ಬೇಲಿ ಥರ. ಬೆರಳಿಟ್ರೆ ಹಿತ ಅನ್ಸಲ್ಲ. ಆದ್ರೆ ಅದು ಶಿಕ್ಷೆ ಅಲ್ಲ, ಜ್ಞಾಪಿಸೋಕೆ ಅಷ್ಟೇ. ಬಿಡೋ ಮನಸ್ಸು ಮಗೂಗೇ ಇರಬೇಕು." ಡಾಕ್ಟರು ಸಾಸಿವೆಯ ಕಡೆ ತಿರುಗಿದರು. "ಬಿಡಬೇಕು ಅಂತ ನಿಂಗೆ ಅನ್ಸುತ್ತಾ?"

ಸಾಸಿವೆ ಯೋಚಿಸಿದಳು. "ಬಿಟ್ರೆ ನಿದ್ದೆ ಹೇಗೆ ಬರುತ್ತೆ?"

ಡಾಕ್ಟರು ನಗಲಿಲ್ಲ. "ಮನೇಲಿ ಯಾವಾಗ ಜಾಸ್ತಿ ಇಟ್ಕೋತಾಳೆ?" ಎಂದು ದೊಡ್ಡವರನ್ನು ಕೇಳಿದರು.

"ಟಿವಿ ನೋಡೋವಾಗ," ಎಂದ ತಂದೆ.

"ಮಲಗೋವಾಗ," ಎಂದಳು ತಾಯಿ.

"ಇವರು ಜಗಳ ಆಡೋವಾಗ," ಎಂದಳು ಸಾಸಿವೆ.

ಡಾಕ್ಟರು ಸ್ವಲ್ಪ ಹೊತ್ತು ಕೈಗವಸು ಬಿಚ್ಚುವುದರಲ್ಲಿ ತೊಡಗಿದರು. ಆಮೇಲೆ, "ಕೆಲವು ತಿಂಗಳು ನೋಡೋಣ. ಇಡದ ದಿನ ಶಭಾಶ್ ಅನ್ನಿ. ಇಟ್ಟ ದಿನ ಸುಮ್ಮನಿರಿ," ಎಂದು ಕಳಿಸಿದರು.

"ಸುಮ್ಮನಿರೋಕೆ ಡಾಕ್ಟ್ರು ಯಾಕೆ ಬೇಕು?" ಎಂದ ತಂದೆ ಬೀದಿಗೆ ಬಂದ ಮೇಲೆ.

ಸುಮ್ಮನಿರುವುದು ಅಜ್ಜಿಯಿಂದಲೂ ಆಗಲಿಲ್ಲ. ಮೊದಲು ಹಾಗಲಕಾಯಿ ರಸ ಹಚ್ಚಿದಳು. ಸಾಸಿವೆ ಮುಖ ಕಿವುಚಿಕೊಂಡು ಎರಡು ದಿನ ನೆಕ್ಕಿದಳು. ಆಮೇಲೆ ಮುಖ ಕಿವುಚುವುದನ್ನೂ ಬಿಟ್ಟಳು. ಹಾಗಲಕಾಯಿಯೇ ಸೋತಿತು. ಆಮೇಲೆ ಅಜ್ಜಿ ಹಳೆಯ ಕಾಲುಚೀಲಗಳನ್ನು ಕೈಗೆ ತೊಡಿಸಿ, ಅಂಗಿಯ ತೋಳಿಗೆ ಸೂಜಿ ದಾರದಿಂದ ಹೊಲಿದಳು. ಶಾಲೆಯಿಂದ ಬಂದ ಕೂಡಲೇ ಹೊಲಿಯುವುದು, ಊಟಕ್ಕೆ ಬಿಚ್ಚುವುದು.

ಒಂದು ಸಂಜೆ ತಾಯಿ ಮೆಟ್ಟಿಲು ಹತ್ತಿ ಬರುವಾಗ ಸಾಸಿವೆ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಕಾಲುಚೀಲದ ಕೈಗಳಿಂದ ಚಡ್ಡಿಯ ಗುಂಡಿ ಬಿಚ್ಚಲಾಗದೆ ಎಲ್ಲ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ತಾಯಿ ಚೀಲ ಕೆಳಗಿಡದೆ ಹಲ್ಲಿನಿಂದಲೇ ದಾರ ಹರಿದಳು. "ಅತ್ತೆ, ಇದೇನಿದು? ಕೈದಿನಾ ಇವಳು?"

"ಕೂಗಿದ್ರೆ ನಾನು ಬರ್ತಿರಲಿಲ್ವಾ? ನಾನು ಸಾಕಿದ ಮಕ್ಕಳೆಲ್ಲ ಹೀಗೇ ಬಿಟ್ಟಿದ್ದು. ನಿನ್ನ ಗಂಡನೂ ಹೀಗೇ ಬಿಟ್ಟ."

"ಬಿಟ್ಟು ಏನು ಉದ್ಧಾರ ಆದ್ರು?"

"ನೆತ್ತಿ ಮೇಲೆ ಕೂರಿಸ್ಕೊಳ್ಳೋಳು ನೀನು ಮನೇಲಿ ಎಷ್ಟು ಹೊತ್ತು ಇರ್ತೀಯ ಹೇಳು? ಇಡೀ ದಿನ ನೋಡ್ಕೊಳ್ಳೋಳು ನಾನು."

"ನೋಡ್ಕೊಳ್ಳಿ ಅಂದೆ. ಕಟ್ಟಿಹಾಕಿ ಅನ್ಲಿಲ್ಲ."

ಆಗಲೇ ತಂದೆ ಬಂದ. ಇಬ್ಬರೂ ಅವನ ಮೇಲೆ ಬಿದ್ದರು. ಅವನು ಸಾಮಾನಿನ ಚೀಲವನ್ನು ಧಡ್ ಎಂದು ನೆಲಕ್ಕಿಟ್ಟು, "ಸಾಕು. ಆ ತಂತಿ ಹಾಕಿಸಿಬಿಡೋಣ," ಎಂದ. "ಬೇರಿಂಗ್ ಹೋದ್ರೆ ಬೇರಿಂಗ್ ಹಾಕಬೇಕು. ಶಭಾಶ್ ಅಂದ್ರೆ ಲಿಫ್ಟು ಮೇಲೇರುತ್ತಾ?"

ತಾಯಿ ನೆಲ ಒರೆಸುತ್ತಿದ್ದಳು. ಬೇಡ ಎನ್ನಲಿಲ್ಲ.

ಡಾಕ್ಟರ ಮುಂದೆ ತಂದೆಯೇ ಮಾತಾಡಿದ. "ಮಗು ಒಪ್ಕೊಂಡಿದೆ ಡಾಕ್ಟ್ರೇ. ತಾನೇ ಬೇಕು ಅಂತಿದೆ."

"ಹೌದಾ?" ಎಂದರು ಡಾಕ್ಟರು ಸಾಸಿವೆಯನ್ನು ನೋಡಿ.

ಅವಳ ಭುಜದ ಮೇಲೆ ತಂದೆಯ ಕೈ ಇತ್ತು. ಅವಳು ತಲೆಯಾಡಿಸಿದಳು. ತಾಯಿ ಕಿಟಕಿಯ ಕಡೆ ನೋಡಿದಳು.

ಅಂಟು ಹಿಟ್ಟಿನಲ್ಲಿ ಬಾಯಿಯ ಅಚ್ಚು ತೆಗೆದರು. ಮುಂದಿನ ವಾರ ಹಿಂದಿನ ದವಡೆ ಹಲ್ಲುಗಳಿಗೆ ಉಂಗುರ ತೊಡಿಸಿ, ಮೇಲ್ಸಾಲಿನ ಮುಂದಿನ ಹಲ್ಲುಗಳ ಹಿಂದೆ ತಂತಿಯ ಬೇಲಿ ನಿಲ್ಲಿಸಿದರು. ಸಾಸಿವೆ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. "ಎಷ್ಟು ಧೈರ್ಯದ ಹುಡುಗಿ," ಎಂದಳು ಅಲ್ಲಿದ್ದ ನರ್ಸು.

ಬೆರಳು ನಿಂತಿತು. ಎರಡು ಸಲ ಇಟ್ಟು ನೋಡಿ, ತಂತಿ ತಾಗಿ, ತೆಗೆದಳು. ತಂದೆ ಊಟಕ್ಕೆ ಕೂತಾಗ ಉಬ್ಬಿಹೋದ. "ನೋಡಿದ್ಯಾ? ಸುಮ್ಮನೆ ಇಷ್ಟು ದಿನ ಮನೆಯೆಲ್ಲ ಹೊತ್ತಿ ಉರೀತು."

"ಅವಳು ಊಟಾನೇ ಮಾಡ್ತಿಲ್ಲ," ಎಂದಳು ತಾಯಿ. ಅನ್ನದ ಅಗುಳು ತಂತಿಗೆ ಸಿಕ್ಕಿಕೊಳ್ಳುತ್ತಿತ್ತು. ಗಂಜಿ ಮಾಡಿಕೊಟ್ಟರೆ ಎರಡು ಚಮಚ ಕುಡಿದು ಸಾಕೆನ್ನುತ್ತಿದ್ದಳು.

"ಹೊಟ್ಟೆ ಚುರುಗುಟ್ಟಿದ್ರೆ ತಾನೇ ತಿಂತಾಳೆ," ಎಂದಳು ಅಜ್ಜಿ.

ಮಾತೂ ಕೆಟ್ಟಿತು. ಸಕಾರ ನಾಲಿಗೆಗೆ ಸಿಗದೆ ಜಾರುತ್ತಿತ್ತು. ಶಾಲೆಯಲ್ಲಿ ಮಕ್ಕಳು ಸುತ್ತ ನಿಂತು, "ನಿನ್ನ ಹೆಸರು ಹೇಳು, ಹೆಸರು ಹೇಳು," ಎಂದು ಪೀಡಿಸುತ್ತಿದ್ದರು. "ಥಾಥಿವೆ" ಎಂದರೆ ಹೋ ಎಂದು ನಗು. ಕೆಲವು ದಿನ ಹೇಳಿದಳು. ಆಮೇಲೆ ಬಾಯಿ ತೆರೆಯಲಿಲ್ಲ. ಮನೆಯಲ್ಲೂ ನೀರು ಬೇಕಾದರೆ ಬಿಂದಿಗೆ ತೋರಿಸುವಳು, ಬಟ್ಟೆ ಬೇಕಾದರೆ ಕಪಾಟು ತೋರಿಸುವಳು. ತರಗತಿಯಲ್ಲಿ ಮಧ್ಯಾಹ್ನವೇ ನಿದ್ದೆ ಹೋಗುತ್ತಾಳೆಂದು ಟೀಚರು ಹೇಳಿ ಕಳಿಸಿದರು.

ಒಂದು ಭಾನುವಾರ ತಲೆ ಬಾಚುವಾಗ ಕಿವಿಯ ಹಿಂದೆ ತಾಯಿಯ ಬಾಚಣಿಗೆ ನಿಂತಿತು. ಅಲ್ಲಿ ಒಂದು ಬಿಲ್ಲೆಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ.

"ಕಿತ್ಕೋತಿದೀಯಾ ಮಗಳೇ?"

ಸಾಸಿವೆ ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡಳು.

ತಾಯಿ ಅವಳನ್ನು ಹಾಗೇ ಎಳೆದುಕೊಂಡು ಹೋಗಿ ತಂದೆಗೆ ತೋರಿಸಿದಳು. "ಇಲ್ಲಿ ಮುಚ್ಚಿದ್ರೆ ಅಲ್ಲಿ ಒಡೀತಿದೆ ರೀ. ತಂತಿ ತೆಗೆಸೋಣ."

"ಉಷ್ಣಕ್ಕೆ ಉದುರಿರುತ್ತೆ," ಎಂದಳು ಅಜ್ಜಿ ಒಳಗಿನಿಂದ.

"ಇಷ್ಟು ದಿನ ತಡೆದಿದ್ದಾಳೆ. ಇನ್ನು ಸ್ವಲ್ಪ ದಿನ," ಎಂದ ತಂದೆ. "ಅರ್ಧಕ್ಕೆ ಬಿಟ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ."

"ನಿಮಗೆ ನೀವು ಗೆಲ್ಲಬೇಕು, ಅಷ್ಟೇ."

"ನಿನಗೆ ಇಲ್ಲಿಂದ ಹೋಗಬೇಕು, ಅಷ್ಟೇ."

ಆ ವಾರ ಗಂಡ ಹೆಂಡತಿ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅಜ್ಜಿಯ ಮೂಲಕ ಕೇಳಿದರು. ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ ಸಾಸಿವೆಯ ಗಲ್ಲ ಹಿಡಿದು, "ಎಷ್ಟು ಬಾಡಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದು ಇದಕ್ಕೇ," ಎಂದು ಅಜ್ಜಿಗೆ ಹೇಳಿ ಹೋದಳು. ಅಜ್ಜಿ ಬಾಗಿಲು ಜೋರಾಗಿ ಹಾಕಿಕೊಂಡಳು.

ಅದಾದ ಮೇಲೆ ಒಂದು ಮಧ್ಯಾಹ್ನ, ಶಾಲೆ ಬೇಗ ಬಿಟ್ಟ ದಿನ, ಅಜ್ಜಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋಗಿದ್ದಳು. ಇಳಿದು ಬಂದಾಗ ತಂದೆಯ ಹಳೆಯ ಸಾಮಾನಿನ ಪೆಟ್ಟಿಗೆ ತೆರೆದಿತ್ತು. ಸಾಸಿವೆ ಗೋಡೆಗೆ ಹಾಕಿದ್ದ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಇಕ್ಕಳ. ಗಲ್ಲದಿಂದ ಅಂಗಿಯ ಮೇಲೆ ರಕ್ತ ಇಳಿಯುತ್ತಿತ್ತು. ಒಂದು ಕಡೆಯ ಉಂಗುರ ಹಲ್ಲಿನಿಂದ ಕಿತ್ತು ಬಂದು, ತಂತಿ ತಿರುಚಿ, ಅದರ ತುದಿ ಅಂಗುಳಿಗೆ ನಾಟಿತ್ತು.

"ಅಯ್ಯೋ ನನ್ನ ಕಂದ, ಏನು ಮಾಡ್ಕೊಂಡೆ!"

ಅಜ್ಜಿ ಮಗನಿಗೆ ಫೋನು ಮಾಡಿದಳು. ಅವನು ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಳದ ಹೊಂಡದೊಳಗಿದ್ದ. ಮೇಲೆ ಜನ ಸಿಕ್ಕಿಕೊಂಡಿದ್ದರು. ಸೊಸೆಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಕೊನೆಗೆ ಮಗುವಿನ ಬಾಯಿಗೆ ಟವೆಲು ಒತ್ತಿ, ನೋಯುವ ಮಂಡಿಯಲ್ಲೇ ಮೂರು ಮಹಡಿ ಇಳಿದು, ಬೀದಿಯಲ್ಲಿ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿದಳು.

ತಂದೆ ತಾಯಿ ಬೇರೆ ಬೇರೆ ದಾರಿಯಿಂದ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಡಾಕ್ಟರು ತಂತಿ ತೆಗೆದಿದ್ದರು. ಸಾಸಿವೆ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಕೂತಿದ್ದಳು.

"ಮಗು ಒಪ್ಪಿದೆ ಅಂದ್ರಿ," ಎಂದರು ಡಾಕ್ಟರು. ದನಿ ಎತ್ತಲಿಲ್ಲ.

ತಂದೆ ತನ್ನ ಗ್ರೀಸಿನ ಕೈ ನೋಡಿಕೊಂಡ.

"ನಾನೂ ಇನ್ನೊಂದು ಸಲ ಸರಿಯಾಗಿ ಕೇಳಬೇಕಿತ್ತು. ಇರಲಿ, ಗಾಯ ಮಾಯಲಿ. ಮತ್ತೆ ತಂತಿ ಮಾತ್ರ ನಾನು ಹಾಕಲ್ಲ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ನೀನು ಫೋನ್ ಎತ್ತಿದ್ದಿದ್ರೆ..."

"ರೋಲರ್ ಹತ್ರ ಫೋನ್ ಬಿಡಲ್ಲ ಅಂತ ಸಾವಿರ ಸಲ ಹೇಳಿದೀನಿ. ಇಕ್ಕಳ ಯಾರದು?"

"ಪೆಟ್ಟಿಗೆ ತೆರೆಯೋವರೆಗೆ ಅಮ್ಮ ಏನು ಮಾಡ್ತಿದ್ಲು?"

"ನಿಮ್ಮೆಲ್ಲರ ಬಟ್ಟೆ ತೆಗೀತಿದ್ದೆ ಕಣೋ!" ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಮನೇಲಿ ಎಲ್ಲ ತಪ್ಪು ನನ್ನ ತಲೆಗೇ ಕಟ್ಟಿ."

ತಾಯಿ ಒಂದು ಲೋಟ ನೀರು ಕುಡಿದು, ಲೋಟ ತೊಳೆದು, ಬೋರಲು ಹಾಕಿದಳು. ಆಮೇಲೆ, "ಆ ಕೆಲಸಕ್ಕೆ ಒಪ್ಕೊಂಡಿದೀನಿ," ಎಂದಳು.

"ಯಾವಾಗ?"

"ಹೋದ ವಾರ."

ತಂದೆ ಕೂತಲ್ಲಿಂದ ಏಳಲಿಲ್ಲ. "ಹೋದ ವಾರ. ನಮಗೆ ಹೇಳದೆ."

"ಹೋದ ವಾರ ನಾವು ಮಾತಾಡ್ತಾ ಇರಲಿಲ್ಲ ರೀ. ಇವಳನ್ನೂ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ? ಹೆಂಗಸರ ಹಾಸ್ಟೆಲಿಗಾ? ಅಲ್ಲಿ ಮಕ್ಕಳನ್ನ ಸೇರಿಸ್ತಾರಾ?"

ಸೇರಿಸುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. "ಮನೆ ಸಿಗೋವರೆಗೆ ಇಲ್ಲಿರಲಿ," ಎಂದಳು. ಆ ಮಾತು ಬಾಯಿಂದ ಬರುವಾಗಲೇ ಸಣ್ಣದಾಯಿತು.

ಅವಳು ಹೊರಟ ದಿನ ಸಾಸಿವೆ ಪೆಟ್ಟಿಗೆಗೆ ಬಟ್ಟೆ ಮಡಚಿ ಕೊಟ್ಟಳು. ಲಾಂಡ್ರಿಯವಳ ಮಗಳಲ್ಲವೇ, ಅಂಚಿಗೆ ಅಂಚು ಸೇರಿಸಿ ಚೆನ್ನಾಗಿ ಮಡಚುತ್ತಿದ್ದಳು. ಕೆಳಗೆ ಬೀದಿಯವರೆಗೂ ಹೋಗಿ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಬೆರಳು ಬಾಯಲ್ಲಿತ್ತು.

ಅಜ್ಜಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಅವಳಿಗೆ ಆ ಹೊತ್ತಿನಲ್ಲಿ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. "ಎಲ್ಲ ಇದರಿಂದಲೇ ಶುರುವಾಗಿದ್ದು," ಎಂದಳು ಕಾಯಿ ಮುರಿಯುತ್ತಾ. "ಈ ಹಾಳು ಬೆರಳು ಆಗಲೇ ಬಿಟ್ಟಿದ್ದಿದ್ರೆ ನಿಮ್ಮಮ್ಮ ಯಾಕೆ ಹೋಗ್ತಿದ್ಲು?"

ಆಡಿ ಮರೆತ ಮಾತು ಅದು, ಅಜ್ಜಿಯ ಮಟ್ಟಿಗೆ.

ಸಾಸಿವೆ ಬೆರಳು ಬಿಟ್ಟದ್ದು ಆ ಮನೆಯಲ್ಲಿ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಟಿವಿ ನೋಡುವಾಗ ಅವಳು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ಮಲಗುವಾಗ ದಿಂಬಿನ ಗವಸಿನ ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದಳು. ಬೆಳಿಗ್ಗೆ ಕಣ್ಣುಗಳು ಕೆಂಪಗಿರುತ್ತಿದ್ದವು. ಊಟ ಮಾಡು ಎಂದರೆ ಮಾಡುವಳು, ತಟ್ಟೆ ತೊಳೆ ಎಂದರೆ ತೊಳೆಯುವಳು. "ಈಗ ಬುದ್ಧಿ ಬಂದಿದೆ," ಎಂದಳು ಅಜ್ಜಿ.

ತಾಯಿ ಮೊದಮೊದಲು ಪ್ರತಿ ವಾರ ಬಂದಳು. ಬಂದಾಗ ಅಡುಗೆಮನೆ ತಿಕ್ಕಿ, ಮಗಳಿಗೆ ತಲೆಸ್ನಾನ ಮಾಡಿಸಿ, ಸಂಜೆಯ ಬಸ್ಸಿಗೆ ಹೋಗುವಳು. ಆಮೇಲೆ ಹೊಸ ಶಾಖೆಯಲ್ಲಿ ಕೆಲಸ ಹೆಚ್ಚೆಂದು ಎರಡು ವಾರಕ್ಕೊಮ್ಮೆ ಆಯಿತು.

"ಮನೆ ಸಿಕ್ತಾ?" ಎಂದು ಅಜ್ಜಿ ಕೇಳಿದರೆ, "ನೋಡ್ತಿದೀನಿ ಅತ್ತೆ," ಎನ್ನುವಳು. ತಂದೆ ಕೇಳುತ್ತಿರಲಿಲ್ಲ. ತಾಯಿಯ ಮುಖ ತುಂಬಿಕೊಂಡಿತ್ತು. ಮುಂಗೈ ಮೇಲೆ ಹೊಸ ಗೆರೆಗಳು ಇರಲಿಲ್ಲ.

ಕೆಲವು ತಿಂಗಳ ಮೇಲೆ ಹಲ್ಲು ತೋರಿಸಲು ಬರಹೇಳಿದ್ದ ದಿನಕ್ಕೆ ತಾಯಿ ಬಿಡುವು ಮಾಡಿಕೊಂಡು ಬಂದಳು. ತಂದೆಯೂ ಹೋದ. ಡಾಕ್ಟರು ಸಾಸಿವೆಯ ಬಾಯಿ ನೋಡಿ, ಮೊದಲು ತೆಗೆದಿಟ್ಟಿದ್ದ ಅಚ್ಚನ್ನು ತರಿಸಿ ಪಕ್ಕಕ್ಕಿಟ್ಟು ನೋಡಿ, ನಕ್ಕುಬಿಟ್ಟರು.

"ಸಂದು ಎಷ್ಟು ಕಡಿಮೆಯಾಗಿದೆ ನೋಡಿ. ಎಲ್ಲಿ, ಬೆರಳು ತೋರಿಸು. ನೋಡಿ, ಒಣಗಿದೆ. ಏನು ಮಾಡಿದ್ರಿ ಮನೇಲಿ?"

"ಏನೂ ಮಾಡ್ಲಿಲ್ಲ," ಎಂದ ತಂದೆ.

"ಅದೇ ಬೇಕಾಗಿದ್ದು." ಡಾಕ್ಟರು ಸಾಸಿವೆಯ ಬೆನ್ನು ತಟ್ಟಿದರು. "ತಾನೇ ಬಿಟ್ಟಿದ್ದಾಳೆ. ಇನ್ನು ತಂತಿಗಿಂತಿ ಏನೂ ಬೇಡ. ಹಲ್ಲು ತಾವಾಗೇ ಸೇರುತ್ತವೆ. ಶಭಾಶ್!"

ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ತಂದೆ ತಾಯಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ದಿನಗಳ ಮೇಲೆ ಇಬ್ಬರ ಮುಖದಲ್ಲೂ ನಗು ಇತ್ತು. ಸಾಸಿವೆ ಅದನ್ನು ನೋಡಿದಳು. ತಾಯಿಯ ಸೆರಗು ಹಿಡಿದು, ಎಷ್ಟೋ ದಿನಗಳಿಂದ ಆಡದಿದ್ದಷ್ಟು ಉದ್ದದ ಮಾತು ಆಡಿದಳು.

"ಅಮ್ಮ, ಬಿಟ್ಟೆನಲ್ಲ. ಡಾಕ್ಟ್ರೂ ಹೇಳಿದ್ರಲ್ಲ. ಇನ್ನು ನೀನು ಇಲ್ಲೇ ಇರ್ತೀಯಲ್ಲ? ಸಾಯಂಕಾಲ ಬಸ್ಸಿಗೆ ಹೋಗಲ್ಲ ಅಲ್ವಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ ಮಗಳೇ?"

"ಅಜ್ಜಿ ಹೇಳಿದ್ಲು. ಬೆರಳಿಂದ ನೀನು ಹೋಗಿದ್ದು ಅಂತ."

ತಾಯಿ ಅಲ್ಲೇ ಮಂಡಿಯೂರಿ ಕೂತಳು. ಜನ ಸುತ್ತಿಕೊಂಡು ಓಡಾಡುತ್ತಿದ್ದರು. ತಂದೆಯ ಕಡೆ ನೋಡಿದಳು. ಅವನು ಪಡಸಾಲೆಯ ಕೊನೆಯಲ್ಲಿ ಬಾಗಿಲು ತೆರೆದು ಮುಚ್ಚುತ್ತಿದ್ದ ಲಿಫ್ಟಿನ ಮೇಲೆ ಕಣ್ಣು ನೆಟ್ಟಿದ್ದ.

"ಅಜ್ಜಿಗೆ ಗೊತ್ತಿಲ್ಲ ಮಗಳೇ. ನಾನು ಹೋಗಿದ್ದು ನಿನ್ನ ಬೆರಳಿಂದ ಅಲ್ಲ. ನಿನ್ನದೇನೂ ತಪ್ಪಿಲ್ಲ."

"ಮತ್ತೆ ಯಾಕೆ?"

ತಾಯಿ ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

ಸಾಸಿವೆ ಕಾದಳು. ಆಮೇಲೆ, "ಹಾಗಾದ್ರೆ ನಾನು ಬಿಟ್ಟಿದ್ದು ಸುಮ್ನೆನಾ?" ಎಂದಳು.

ಸಂಜೆ ತಂದೆ ಮಗಳು ಬಸ್ ಸ್ಟಾಂಡಿನವರೆಗೂ ಹೋಗಿ ತಾಯಿಯನ್ನು ಬಸ್ಸು ಹತ್ತಿಸಿದರು. ತಂದೆ ಮನೆಗೆ ಬಂದು, ಹುಟ್ಟಿದಾಗಿನಿಂದ ಅಮ್ಮನ ಮೇಲೆ ಎತ್ತದಿದ್ದ ದನಿ ಎತ್ತಿದ. "ಏನಂದೆ ಆ ಮಗೂಗೆ ನೀನು? ಏನಂದೆ?" ಅಜ್ಜಿಗೆ ತಾನು ಹೇಳಿದ್ದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಅವಳು ವಾದಿಸಲಿಲ್ಲ. ತಂದೆ ಫೋನು ಬಂದಿತೆಂದು ಚೀಲ ಎತ್ತಿಕೊಂಡು ಹೊರಟುಹೋದ.

ಸಾಸಿವೆ ಟಿವಿಯ ಮುಂದೆ ಕೂತಿದ್ದಳು. ಟಿವಿ ಹಾಕಿರಲಿಲ್ಲ. ಕೈಗಳು ತೊಡೆಯ ಕೆಳಗಿದ್ದವು. ಅಜ್ಜಿ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹೆಬ್ಬೆರಳನ್ನು ಸವರಿದಳು.

"ಬೇಕಾದ್ರೆ ಇಟ್ಕೋ ಕಂದ," ಎಂದಳು. "ನಾನೇನೂ ಅನ್ನಲ್ಲ. ಯಾರೂ ಏನೂ ಅನ್ನಲ್ಲ. ಇಟ್ಕೋ."

"ಸಾಕು ಅಜ್ಜಿ, ಬೇಡ," ಎಂದಳು ಸಾಸಿವೆ. ಈಗ ಸಕಾರ ಸ್ಪಷ್ಟವಾಗಿತ್ತು. "ಬಸ್ ಸ್ಟಾಂಡಲ್ಲೇ ಇಟ್ಟು ನೋಡಿದೆ. ಈಗ ಅದರಿಂದ ಹಿತ ಏನೂ ಆಗಲ್ಲ."